ರಾಶಿ ಮುಗಿದ ಮೇಲೆ ಸಮುದ್ರ

ಮಾನ್ವಿ ಕಡೆ ಸಮುದ್ರಕ್ಕೆ ಹೋಗುವ ದಿನ ಗೊತ್ತು ಮಾಡುತ್ತಿದ್ದದ್ದು ತುಂಗಭದ್ರಾ ಎಡದಂಡೆ ಕಾಲುವೆ. ಜುಲೈಯಲ್ಲಿ ನೀರು ಬಿಟ್ಟರೆ ಭತ್ತದ ನಾಟಿ, ನವೆಂಬರ್ ಕೊನೆಗೆ ಕೊಯ್ಲು, ಡಿಸೆಂಬರಿನಲ್ಲಿ ರಾಶಿ. ಎರಡನೇ ಬೆಳೆಗೆ ನೀರು ಸಿಗುತ್ತದೋ ಇಲ್ಲವೋ ಎಂದು ನೀರಾವರಿ ಸಲಹಾ ಸಮಿತಿಯ (ಐಸಿಸಿ) ಸಭೆಯ ಕಡೆ ಎಲ್ಲರೂ ಕಿವಿ ಕೊಟ್ಟು ಕೂತಿರುವ ಹೊತ್ತು ಅದು. ಕೈಯಲ್ಲಿ ಭತ್ತ ಮಾರಿದ ರೊಕ್ಕ ಇರುತ್ತಿತ್ತು, ಹೊಲದಲ್ಲಿ ಕೆಲಸ ಇರುತ್ತಿರಲಿಲ್ಲ. ಆ ಸಂದಿಯಲ್ಲೇ ಗಾಡಿ ಮಾತಾಡಿ ಹೊರಟುಬಿಡಬೇಕು. ದೇವದುರ್ಗದವರಿಗೆ ಆ ಸಂದಿಯೂ ಇರಲಿಲ್ಲ. ಹತ್ತಿ ಬಿಡಿಸುವುದು ಸಂಕ್ರಾಂತಿ ದಾಟಿದರೂ ಮುಗಿಯದು. ಅವರು ಹೋದರೆ ಆಮೇಲೆ ಹೋದರು, ಇಲ್ಲದಿದ್ದರೆ ಮುಂದಿನ ವರ್ಷ ನೋಡೋಣ ಅಂದರು. ರಾಯಚೂರು ನಗರದ ನೌಕರಸ್ಥರಿಗೆ ಮಾತ್ರ ದಸರೆ ರಜೆ ಎಂಬುದೊಂದಿತ್ತು.

ಸಮುದ್ರಕ್ಕೆ ಹೊರಟಿದ್ದೇವೆ ಎಂದು ಯಾರೂ ಹೇಳುತ್ತಿರಲಿಲ್ಲ ಅನ್ನಿ. ‘ಧರ್ಮಸ್ಥಳಕ್ಕ ಹೊಂಟೀವ್ರಿ’ ಅನ್ನುತ್ತಿದ್ದರು. ಗೋಕರ್ಣ, ಇಡಗುಂಜಿ, ಮುರುಡೇಶ್ವರ, ಕೊಲ್ಲೂರು, ಉಡುಪಿ, ಧರ್ಮಸ್ಥಳ, ಕುಕ್ಕೆ. ಈ ದೇವರುಗಳ ನಡುವೆ ಎಲ್ಲೋ ಎಡಬಲಕ್ಕೆ ಕಡಲು ಕಾಣುತ್ತಿತ್ತು, ಇಳಿದು ಕಾಲು ತೊಳೆದುಕೊಂಡು ಬರುತ್ತಿದ್ದೆವು. ಮಜಾ ಮಾಡಲಿಕ್ಕೆ ಸಾಲ ಮಾಡಿ ಹೋದ ಎಂದು ಊರು ಆಡಿಕೊಳ್ಳಬಾರದಲ್ಲ.

ನಮ್ಮ ಕಡೆಗೂ ಕಡಲಿಗೂ ಹಳೆಯ ನಂಟು ಕಡಿಮೆ. ರಾಯಚೂರು ಸ್ಟೇಷನ್ನಿನಲ್ಲಿ 1871ರಲ್ಲೇ ಮುಂಬಯಿಯಿಂದ ಬಂದ ಹಳಿಯೂ ಮದ್ರಾಸಿನಿಂದ ಬಂದ ಹಳಿಯೂ ಕೂಡಿಕೊಂಡವು. ಹಾಗಾಗಿ ನಮ್ಮ ಹಿರಿಯರಲ್ಲಿ ಸಮುದ್ರ ಕಂಡವರಿದ್ದರೆ ಒಂದೋ ಚೌಪಾಟಿಯಲ್ಲಿ ಕಂಡವರು, ಇಲ್ಲಾ ಮರೀನಾದಲ್ಲಿ ಕಂಡವರು. ಕಾರವಾರವಾಗಲಿ ಮಲ್ಪೆಯಾಗಲಿ ಅವರಿಗೆ ಪರಸ್ಥಳ. ನಾವು ನಿಜಾಮನ ಸೀಮೆಯವರು, ಕಾರವಾರ ಮುಂಬಯಿ ಪ್ರಾಂತ್ಯದ್ದು, ಉಡುಪಿ ಮದ್ರಾಸಿನದು. 1956ರ ನವೆಂಬರ್ 1ಕ್ಕೆ ಎಲ್ಲವೂ ಒಂದೇ ರಾಜ್ಯಕ್ಕೆ ಬಂದವು, ಹಳಿ ಬರಲಿಲ್ಲ. ಮುನಿರಾಬಾದ್–ಮಹಬೂಬನಗರ ರೈಲುಮಾರ್ಗ 2024ರಲ್ಲಿ ಸಿಂಧನೂರಿನವರೆಗೆ ಬಂತು. ಮಾನ್ವಿ ಇನ್ನೂ ಕಾಯುತ್ತಿದೆ. ಅತ್ತ ಹುಬ್ಬಳ್ಳಿ–ಅಂಕೋಲಾ ಮಾರ್ಗ ಘಟ್ಟದ ಕಾಡಿನ ತಕರಾರಿನಲ್ಲಿ ದಶಕಗಳಿಂದ ಸಿಕ್ಕಿಕೊಂಡಿದೆ. ಉಡುಪಿಯ ಹೆಸರು ಮಾತ್ರ ಮನೆಮನೆಗೆ ಗೊತ್ತಿತ್ತು. ವಿಜಯದಾಸರು ಹುಟ್ಟಿದ ಚೀಕಲಪರವಿ, ಜಗನ್ನಾಥದಾಸರಿದ್ದ ಮಾನ್ವಿ ಎರಡೂ ನಮ್ಮವೇ. ಉಡುಪಿಯ ಕೃಷ್ಣನನ್ನು ಕಣ್ಣಿಂದ ಕಾಣದೆಯೇ ಹಾಡಿ ಬಲ್ಲವರು ಬೇಕಾದಷ್ಟಿದ್ದರು.

ಆದ್ದರಿಂದ ದಾರಿ ಗೊತ್ತಿದ್ದವನೇ ದೊಡ್ಡವನು, ಅಂದರೆ ಡ್ರೈವರ್. ಮಾನ್ವಿಯಲ್ಲಿ ನಾನು ಹೈಸ್ಕೂಲ್ ಮಾಸ್ತರಿಕೆಗೆ ಸೇರಿದ ಹೊಸದರಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಬೇವಿನ ಮರದ ಕೆಳಗೆ ಬಾಡಿಗೆ ಗಾಡಿಗಳು ನಿಲ್ಲುತ್ತಿದ್ದವು. ಅಲ್ಲಿದ್ದ ಒಬ್ಬರನ್ನು ಊರೆಲ್ಲ ಚಾಚಾ ಎನ್ನುತ್ತಿತ್ತು. ಅವರ ಗಾಡಿ ಮೊದಲು ಮೆಟಡಾರ್, ಆಮೇಲೆ ಟೆಂಪೊ ಟ್ರ್ಯಾಕ್ಸ್, ಕೊನೆಗೆ ಕ್ರೂಸರ್. ಮೂರು ದಿನಕ್ಕೆ ಎಷ್ಟು ದೇವರು ಆಗುತ್ತವೆ, ನಾಲ್ಕು ದಿನಕ್ಕೆ ಎಷ್ಟು ಆಗುತ್ತವೆ ಎಂಬ ಲೆಕ್ಕ ಅವರ ನಾಲಿಗೆಯ ಮೇಲಿತ್ತು. ಕೊಲ್ಲೂರಿನಲ್ಲಿ ಮಂಗಳಾರತಿ ಎಷ್ಟೊತ್ತಿಗೆ, ಉಡುಪಿಯಲ್ಲಿ ಕಿಂಡಿಯ ಮುಂದೆ ಪಾಳಿ ಯಾವಾಗ ಕಡಿಮೆ, ಧರ್ಮಸ್ಥಳದಲ್ಲಿ ಊಟಕ್ಕೆ ಯಾವ ಹೊತ್ತಿಗೆ ಮುಟ್ಟಿದರೆ ಸಂದಣಿ ಇರುವುದಿಲ್ಲ, ಎಲ್ಲವನ್ನೂ ಆ ಮುಸಲ್ಮಾನ ಡ್ರೈವರನೇ ನಮ್ಮ ಆಚಾರವಂತ ಮುದುಕಿಯರಿಗೆ ಹೇಳಿಕೊಡಬೇಕಿತ್ತು. ಕರಾರು ಬಾಯಿಮಾತಿನದು: ‘ಕಿಲೋಮೀಟರಿಗೆ ಇಷ್ಟು, ಬಾಟಾ ಬ್ಯಾರೆ, ಊಟ ನಿಮ್ ಜೋಡೀನ.’

ಮಾನ್ವಿಯಿಂದ ಸಿಂಧನೂರು, ಗಂಗಾವತಿ, ಕೊಪ್ಪಳ, ಗದಗ, ಹುಬ್ಬಳ್ಳಿ. ದೇವದುರ್ಗದವರು ಲಿಂಗಸುಗೂರು, ಕುಷ್ಟಗಿ ಮೇಲಿಂದ ಗದಗಕ್ಕೆ ಬಂದು ಸೇರುತ್ತಿದ್ದರು. ಹುಬ್ಬಳ್ಳಿ ದಾಟಿ ಕಲಘಟಗಿ, ಯಲ್ಲಾಪುರ. ಅಲ್ಲಿಯವರೆಗೆ ಹಾಡು, ಅಂತ್ಯಾಕ್ಷರಿ. ಯಲ್ಲಾಪುರದಲ್ಲಿ ಚಾಚಾ ಗಾಡಿ ನಿಲ್ಲಿಸಿ, ಟೈರಿಗೆ ಕಾಲಿಂದ ಒದ್ದು ನೋಡಿ, ಎಲ್ಲರ ಕೈಗೂ ಒಂದೊಂದು ಲಿಂಬೆಹಣ್ಣು ಕೊಡುತ್ತಿದ್ದರು. ‘ಇನ್ನ ಅರಬೈಲ್ ಘಟ್ಟ. ಹಿಂದಿನ ಸೀಟಿನ್ಯಾಗ ಹೆಂಗಸರು ಕುಂದ್ರಬ್ಯಾಡ್ರಿ, ಲಿಂಬೆಹಣ್ಣ ಮೂಸ್ಕೋತ ಮುಂದ ನೋಡ್ರಿ.’ ರಾಯಚೂರು ಜಿಲ್ಲೆಯ ಸಪಾಟು ನೆಲದಲ್ಲಿ ಗಾಡಿ ಕಲಿತ ಕೈಗೆ ಆ ತಿರುವುಗಳು ಹುಡುಗಾಟವಲ್ಲ. ಕತ್ತಲಾದ ಮೇಲೆ ಅವರು ಘಟ್ಟ ಇಳಿಯುತ್ತಲೇ ಇರಲಿಲ್ಲ. ಎರಡನೇ ಗೇರಿನಲ್ಲಿ ಇಳಿದು ಅಂಕೋಲಾ ಮುಟ್ಟುವಷ್ಟರಲ್ಲಿ ಗಾಡಿಯೊಳಗೆಲ್ಲ ಬ್ರೇಕ್ ಕಾದ ವಾಸನೆ. ಆ ವಾಸನೆಗೆ ಮೀನಿನ ವಾಸನೆ ಬೆರೆತರೆ ಸಮುದ್ರ ಹತ್ತಿರ ಬಂತೆಂದು ಅರ್ಥ.

ಈಗಿನ ಹುಡುಗರು ಕ್ಯಾಂಪಿಂಗ್ ಎಂದು ರೊಕ್ಕ ಕೊಟ್ಟು ಮಾಡುವುದನ್ನು ನಾವು ಪುಕ್ಕಟೆ ಮಾಡುತ್ತಿದ್ದೆವು, ಬೇರೆ ದಾರಿಯಿಲ್ಲದೆ. ಯಾವುದೋ ಶಾಲೆಯ ಪಡಸಾಲೆ, ಛತ್ರದ ಅಂಗಳ, ಅದೂ ಸಿಗದಿದ್ದರೆ ಗಾಡಿಯ ಪಕ್ಕ ಜಮಖಾನ. ನಮ್ಮ ಹೊಲದ ಸೋನಾ ಮಸೂರಿ ಅಕ್ಕಿಯ ಚೀಲ ಗಾಡಿಯ ಮೇಲೆ ಇರಲೇಬೇಕು. ಅಲ್ಲಿಯ ಕುಚಲಕ್ಕಿ ಅನ್ನ ಕಂಡರೆ ನಮ್ಮವರು ಇದು ಬೆಂದಿಲ್ಲ ಎಂದು ಪಕ್ಕಕ್ಕೆ ಸರಿಸುತ್ತಿದ್ದರು. ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಬಟ್ಟೆಯಲ್ಲಿ ಕಟ್ಟಿದ ಸಜ್ಜಿ ರೊಟ್ಟಿ. ರೊಟ್ಟಿಯ ವಿಷಯದಲ್ಲಿ ಮಾತ್ರ ಕರಾವಳಿ ನಮ್ಮನ್ನು ಪ್ರತಿಸಲ ಸೋಲಿಸಿತು. ರಾಯಚೂರಿನ ಬಿಸಿಲಿಗೆ ತಿಂಗಳುಗಟ್ಟಲೆ ಕಟಕಟ ಎನ್ನುವ ರೊಟ್ಟಿ ಗೋಕರ್ಣದಲ್ಲಿ ಒಂದು ರಾತ್ರಿ ಕಳೆಯುವಷ್ಟರಲ್ಲಿ ತೊಗಲಿನ ಹಾಗೆ ಮಡಚಿಕೊಳ್ಳುತ್ತಿತ್ತು. ಮುದುಕಿಯರು ಅದನ್ನು ಮತ್ತೆ ಕೆಂಡದ ಮೇಲೆ ಸುಟ್ಟು ಗಟ್ಟಿ ಮಾಡುತ್ತಿದ್ದರು. ತೊಳೆದು ಹಾಕಿದ ಧೋತರ ಮೂರು ದಿನ ಒಣಗದೆ ಗಾಡಿಯ ಕ್ಯಾರಿಯರ್ ಮೇಲೆ ಹಾರಾಡುತ್ತ ಊರೂರು ತಿರುಗುತ್ತಿತ್ತು.

ದಂಡೆಯ ಮೇಲೆ ಅಡುಗೆ ಎಂದರೆ ಕೇಳಲಿಕ್ಕೆ ಚೆಂದ. ಸೀಮೆಎಣ್ಣೆ ಸ್ಟೋವು ಕಡಲಗಾಳಿಗೆ ನಿಲ್ಲುವುದಿಲ್ಲ. ಇಬ್ಬರು ಹೆಣ್ಣುಮಕ್ಕಳು ಸುತ್ತ ಚಾದರ ಹಿಡಿದು ನಿಂತರೆ ಮೂರನೆಯವಳು ಪಂಪು ಹೊಡೆಯಬೇಕು. ಗಂಡಸರು ನೀರಿನಲ್ಲಿ ಕುಪ್ಪಳಿಸಿ ಬರುವ ಹೊತ್ತಿಗೆ ಅನ್ನ ಸಾರು ತಯಾರಿರಬೇಕು. ಅವರು ಉಂಡೆದ್ದ ಮೇಲೆ ಪಾತ್ರೆ, ಪಾತ್ರೆಯಾದ ಮೇಲೆ ‘ಲಗೂ ಹತ್ತ್ರಿ, ಹೊತ್ತಾತು’. ಒದ್ದೆ ಸೀರೆಯಲ್ಲಿ ಹತ್ತು ಗಂಡಸರ ಮುಂದೆ ನಿಲ್ಲುವುದಕ್ಕೆ ಹೇಸಿ ಎಷ್ಟೋ ಮಂದಿ ಹೆಂಗಸರು ಸಮುದ್ರಕ್ಕೆ ಪಾದ ಕೂಡ ಕೊಡದೆ ಬಂದಿದ್ದಾರೆ. ಹಳೆಯ ಪ್ರವಾಸ ಎಷ್ಟು ಚೆಂದಿತ್ತು ಎಂದು ನನ್ನ ವಯಸ್ಸಿನ ಗಂಡಸರು ಕಟ್ಟೆಯ ಮೇಲೆ ಕೂತು ಹೇಳುವಾಗ ನಾನು ಎದ್ದು ಬರುತ್ತೇನೆ. ಅವರ ಮನೆಯವರನ್ನು ಕೇಳಿದರೆ ಬೇರೆ ಮಾತು ಬರುತ್ತದೆ.

ಶಾಲೆಯ ಪ್ರವಾಸ ಸಾರಿಗೆ ಸಂಸ್ಥೆಯ ಒಪ್ಪಂದದ ಬಸ್ಸಿನಲ್ಲಿ. ದಾರಿ ಅದೇ, ಹೆದರಿಕೆ ಹೆಚ್ಚು. ನಮ್ಮ ಹುಡುಗರು ನದಿ ಮಕ್ಕಳು. ಕೊಪ್ಪರ, ಗೂಗಲ್ ಕಡೆಯಿಂದ ಬಂದವರು ಕೃಷ್ಣೆಯಲ್ಲಿ ಎಮ್ಮೆ ಮೈ ತೊಳೆದು ಬೆಳೆದವರು. ‘ಈಜು ಬರ್ತದ ಸರ’ ಎಂದು ಎದೆಯುಬ್ಬಿಸುವ ಹುಡುಗನೇ ನಮಗೆ ದೊಡ್ಡ ತಲೆನೋವು. ನದಿ ಒಂದೇ ಕಡೆ ಎಳೆಯುತ್ತದೆ, ಎಳೆದರೂ ಯಾವುದೋ ದಂಡೆಗೆ ಹತ್ತಿಸುತ್ತದೆ. ಸಮುದ್ರ ದಂಡೆಗೆ ತಂದು ಸುರಿದ ನೀರನ್ನು ಒಂದು ಸಣ್ಣ ಓಣಿ ಮಾಡಿಕೊಂಡು ಹಿಂದಕ್ಕೆ ಒಯ್ಯುತ್ತದೆ. ತೆರೆ ಒಡೆಯದೆ ಶಾಂತವಾಗಿ ಕಾಣುವ ಜಾಗವೇ ಆ ಓಣಿ. ಹೊಸಬರು ಅಲ್ಲೇ ಇಳಿಯುತ್ತಾರೆ. ಸಿಕ್ಕಿಕೊಂಡರೆ ದಂಡೆಯ ಕಡೆ ಎದುರು ಈಜಬಾರದು, ದಂಡೆಗೆ ಸಮಾನವಾಗಿ ಪಕ್ಕಕ್ಕೆ ಈಜಿ ಓಣಿಯಿಂದ ಆಚೆ ಬರಬೇಕು. ಇದನ್ನು ನನಗೆ ಹೇಳಿದವರು ಮಲ್ಪೆಯಲ್ಲಿ ಬಲೆ ಹೊಲಿಯುತ್ತ ಕೂತಿದ್ದ ಒಬ್ಬ ಮೊಗವೀರ ಹಿರಿಯರು. ಯಾವ ಸುತ್ತೋಲೆಯಲ್ಲೂ ಇರಲಿಲ್ಲ. ನಾವು ಮಾಸ್ತರರು ಮೊಳಕಾಲು ನೀರಿನಲ್ಲಿ ಹಗ್ಗ ಹಿಡಿದು ಸಾಲಾಗಿ ನಿಲ್ಲುತ್ತಿದ್ದೆವು, ಹಗ್ಗದಾಚೆ ಕಾಲಿಟ್ಟವನು ನೇರ ಬಸ್ಸಿಗೆ.

2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರ ನಾಲ್ವರು ಹೆಣ್ಣುಮಕ್ಕಳು ಪ್ರವಾಸಕ್ಕೆ ಬಂದು ಮುಳುಗಿ ತೀರಿಕೊಂಡರು. ಸುದ್ದಿ ಓದಿದ ದಿನ ನನಗೆ ಅನ್ನ ಸೇರಲಿಲ್ಲ. ಅಷ್ಟು ವರ್ಷ ನಮ್ಮ ಪಾಲಿಗೆ ಹಗ್ಗ ಕೆಲಸ ಮಾಡಿತೋ, ಅದೃಷ್ಟ ಕೆಲಸ ಮಾಡಿತೋ, ಹೇಳುವುದು ಕಷ್ಟ. ಕೆಲವು ಕಾಲ ಆ ದಂಡೆ ಮುಚ್ಚಿದರು. ಮುಚ್ಚಿದ್ದು ಸರಿಯೇ, ಆದರೆ ದಂಡೆಗೆ ಬೇಕಾದದ್ದು ವರ್ಷಪೂರ್ತಿ ನಿಲ್ಲುವ ಜೀವರಕ್ಷಕರು ಮತ್ತು ಅವರ ಸೀಟಿಗೆ ಕಿವಿಗೊಡುವ ಮಾಸ್ತರರು.

ಮುರುಡೇಶ್ವರವೂ ಎಷ್ಟು ಬದಲಾಯಿತು! ಮೊದಲು ಹೋದಾಗ ಸಣ್ಣ ಗುಡ್ಡದ ಮೇಲೆ ಗುಡಿ, ಸುತ್ತ ದೋಣಿ, ಒಣಮೀನು. ಆಮೇಲೆ 123 ಅಡಿಯ ಶಿವ ಬಂದ. 2008ರಲ್ಲಿ 20 ಅಂತಸ್ತಿನ ರಾಜಗೋಪುರವಾಯಿತು, ಅದರೊಳಗೆ ಲಿಫ್ಟ್. ಲಿಫ್ಟಿನಲ್ಲಿ ಮೇಲೆ ಹೋಗಿ ಕೆಳಗಿನ ಸಮುದ್ರ ನೋಡಿದ ಮೇಲೆ ನಮ್ಮವರ ಮಾತು ತಿರುಗಿತು. ಗುಡಿ ನೋಡಿ ಕಡಲು ನೋಡುತ್ತಿದ್ದವರು ಕಡಲು ನೋಡಿ ಗುಡಿಗೆ ಹೋಗತೊಡಗಿದರು.

ಉಳಿದದ್ದನ್ನು ಮೊಬೈಲು ಮಾಡಿತು. ರಾಯಚೂರಿನ ವೈದ್ಯಕೀಯ ಕಾಲೇಜು ರಿಮ್ಸ್‌ನ ಡಾಕ್ಟರ್ ಹುಡುಗರು, ಶಕ್ತಿನಗರದ ವಿದ್ಯುತ್ ಕೇಂದ್ರದ ಎಂಜಿನಿಯರುಗಳು, ಕಾರು ಕೊಂಡ ಮಾಸ್ತರರು ಈಗ ಶುಕ್ರವಾರ ರಾತ್ರಿ ಹೊರಟು ಬೆಳಗಿಗೆ ಗೋಕರ್ಣದ ಕುಡ್ಲೆ ದಂಡೆಯಲ್ಲಿರುತ್ತಾರೆ. ನಾವು ಶಾಲೆಯ ಮಕ್ಕಳನ್ನು ಓಂ ಬೀಚಿನ ಕಡೆ ಬಿಡುತ್ತಲೇ ಇರಲಿಲ್ಲ, ಅಲ್ಲಿ ಬಟ್ಟೆ ಕಡಿಮೆ ಇದ್ದ ಪರದೇಶಿಗಳಿರುತ್ತಾರೆಂದು. ಈಗ ಅಲ್ಲಿ ಸೆಲ್ಫಿ ಹಿಡಿದು ನಿಂತವರೇ ನಮ್ಮ ಮಾನ್ವಿಯವರು. ಟೆಂಟು ಬಾಡಿಗೆಗೆ ಸಿಗುತ್ತದೆ, ಹಾಸಿಗೆ ಬಾಡಿಗೆ ಕೊಟ್ಟವರದೇ, ಬೆಂಕಿ ಹಾಕಿಕೊಡುವವರೂ ಅವರೇ. ಹೊನ್ನಾವರದಲ್ಲಿ ಕಾಂಡ್ಲಾ ಕಾಡಿನ ನಡುವೆ ಹಲಗೆಯ ಕಾಲುದಾರಿ, 2020ರಲ್ಲಿ ಬ್ಲೂ ಫ್ಲ್ಯಾಗ್ ಪಡೆದ ಕಾಸರಕೋಡಿನ ದಂಡೆ, ನೇತ್ರಾಣಿಯಲ್ಲಿ ನೀರೊಳಗೆ ಮುಳುಗಿ ಮೀನು ನೋಡುವುದು, ಹೋಗುವ ದಾರಿಯಲ್ಲೇ ಮಾಗೋಡು ಜಲಪಾತ. ಚಾಚಾನ ಪಟ್ಟಿಯಲ್ಲಿ ಇವು ಒಂದೂ ಇರಲಿಲ್ಲ. ಮರವಂತೆ ಮಾತ್ರ ಎರಡೂ ಪಟ್ಟಿಯಲ್ಲಿದೆ. ಒಂದು ಕಡೆ ಸೌಪರ್ಣಿಕಾ, ಇನ್ನೊಂದು ಕಡೆ ಕಡಲು, ನಡುವೆ ಹೆದ್ದಾರಿ ಇರುವ ಆ ಜಾಗದಲ್ಲಿ ಯಾವ ಕಾಲದ ಗಾಡಿಯೂ ನಿಲ್ಲದೆ ಹೋಗಿಲ್ಲ.

ನನ್ನ ಸೊಸೆ ಹೋದ ವರ್ಷ ಗೆಳತಿಯರ ಜೋಡಿ ಹೋಗಿ ಎದೆಮಟ್ಟದ ನೀರಿನಲ್ಲಿ ನಿಂತ ಫೋಟೊ ಕಳಿಸಿದಳು. ನನ್ನ ಹೆಂಡತಿ ಅದನ್ನು ದೊಡ್ಡದು ಮಾಡಿ ನೋಡಿ, ‘ಅಡಿಗಿ ಯಾರು ಮಾಡಿದ್ರಂತ?’ ಎಂದು ಕೇಳಿದಳು. ಯಾರೂ ಮಾಡಿರಲಿಲ್ಲ. ಹೋಟೆಲಿನಲ್ಲಿ ಉಂಡಿದ್ದರು.

ಇನ್ನೊಂದು ಹೊಸತು, ಮಳೆಗಾಲದ ಪ್ರವಾಸ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ನಮ್ಮ ಮಕ್ಕಳು 3000ಕ್ಕೂ ಮೇಲೆ ಸುರಿಯುವ ಕಡೆ ಮಳೆ ನೋಡಲಿಕ್ಕೆಂದೇ ಹೋಗುತ್ತಾರೆ. ಹಳೆಯ ಕಾಲದಲ್ಲಿ ಜುಲೈಯಲ್ಲಿ ಘಟ್ಟ ಇಳಿಯುತ್ತೇನೆ ಎಂದವನನ್ನು ಹುಚ್ಚ ಎನ್ನುತ್ತಿದ್ದರು. ನಾಟಿ ಬಿಟ್ಟು ಹೋಗುವವನೂ ಇರಲಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಜಾರಿತು. ರಸ್ತೆಬದಿಯ ಚಹಾ ಹೋಟೆಲು, ಅದನ್ನು ನಡೆಸುತ್ತಿದ್ದ ಮನೆಮಂದಿ, ನಿಂತಿದ್ದ ಗಾಡಿಗಳು ಎಲ್ಲವೂ ಗಂಗಾವಳಿ ಪಾಲಾದವು. ಹೊಳೆಯೊಳಗೆ ಹೋದ ಲಾರಿಯೊಂದು ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ. ಹೆದ್ದಾರಿ ಅಗಲ ಮಾಡಲು ಗುಡ್ಡವನ್ನು ನೆಟ್ಟಗೆ ಕಡಿದು ನಿಲ್ಲಿಸಿದ ಜಾಗಗಳು ಆ ದಾರಿಯಲ್ಲಿ ಇನ್ನೂ ಇವೆ. ಮಳೆ ಹಿಡಿದ ದಿನ ಅಂಥ ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಿ ಚಹಾ ಕುಡಿಯಬೇಡಿ ಎಂದು ಯಾವ ನಕ್ಷೆಯೂ ಹೇಳುವುದಿಲ್ಲ.

ಚಾಚಾ ಈಗ ಸ್ಟೇರಿಂಗ್ ಹಿಡಿಯುವುದಿಲ್ಲ, ಮಗ ಹಿಡಿಯುತ್ತಾನೆ. ಬೇವಿನ ಮರ ಇದೆ, ಗಾಡಿಗಳೂ ಇವೆ, ಸಮುದ್ರದ ಬಾಡಿಗೆ ಮಾತ್ರ ಅಪರೂಪ. ಹತ್ತಿ ಹಂಗಾಮಿನಲ್ಲಿ ಕ್ರೂಸರ್ ನಸುಕಿಗೇ ದೇವದುರ್ಗದ ಕಡೆ ಹೊರಡುತ್ತದೆ, ಒಳಗೂ ಮೇಲೂ ಹತ್ತಿ ಬಿಡಿಸುವ ಹೆಣ್ಣಾಳುಗಳು. ಗಾಡಿಯಲ್ಲಿ ಅಷ್ಟು ಜನ ತುಂಬಬಾರದೆಂದು ಅವನಿಗೂ ಗೊತ್ತು. ಜನವರಿಯಲ್ಲಿ ಅಯ್ಯಪ್ಪ ಮಾಲೆಯವರು ಶಬರಿಮಲೆಗೆ ಒಯ್ಯುತ್ತಾರೆ, ಬರುವಾಗ ಮುರುಡೇಶ್ವರ ಮಾಡಿಸಿಕೊಂಡು ಬರುತ್ತಾರೆ.

ಅದು ಬಿಟ್ಟರೆ ಕಡಲ ಕಡೆಯಿಂದ ಅವನಿಗೆ ಫೋನು ಬರುವುದು ದುಡಿಯಲಿಕ್ಕೆ ಹೋದವರಿಂದ. ಉಡುಪಿ, ಮಣಿಪಾಲ, ಮಂಗಳೂರಿನ ಕಟ್ಟಡಗಳಲ್ಲಿ ಇಟ್ಟಿಗೆ ಹೊರುವವರಲ್ಲಿ ದೇವದುರ್ಗ ತಾಲ್ಲೂಕಿನವರೂ ಬಹಳ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಗುಳೆ ಹೋಗಿ ಅಲ್ಲೇ ಗಾರೆ ಮೇಸ್ತ್ರಿಯಾಗಿದ್ದಾನೆ. ತುಳು ಮಾತಾಡುತ್ತಾನೆ, ಕುಚಲಕ್ಕಿ ಗಂಜಿ ಉಣ್ಣುತ್ತಾನೆ, ಬೂತಾಯಿ ಮೀನಿನ ದರ ಇವತ್ತೆಷ್ಟು ಎಂದು ಹೇಳುತ್ತಾನೆ. ಮಲ್ಪೆ ದಂಡೆಗೆ ವಾರಕ್ಕೊಮ್ಮೆಯಾದರೂ ಹೋಗುತ್ತೀಯೇನೋ ಎಂದು ಕೇಳಿದರೆ ‘ರವಿವಾರ ಅರಿವಿ ತೊಳಿಯೋದ ಇರ್ತದ್ರಿ ಸರ’ ಅಂದ. ಯುಗಾದಿಗೆ, ಊರ ಜಾತ್ರೆಗೆ, ಮತದಾನಕ್ಕೆ ಇಂಥವರು ಗಂಟುಮೂಟೆ, ಮಕ್ಕಳು, ಪಾತ್ರೆ ಸಮೇತ ಬರುವಾಗ ಬಸ್ಸಿಗಿಂತ ಕ್ರೂಸರ್ ಸಸ್ತಾ ಬೀಳುತ್ತದೆ. ಚಾಚಾನ ಮಗ ಇಲ್ಲಿಂದ ಖಾಲಿ ಗಾಡಿ ಒಯ್ದು ಅಲ್ಲಿಂದ ತುಂಬಿಕೊಂಡು ಬರುತ್ತಾನೆ. ಖಾಲಿ ಹೋಗುವ ದಾರಿಯ ಡೀಸೆಲ್ಲನ್ನೂ ಅವರ ಲೆಕ್ಕಕ್ಕೇ ಹಾಕುತ್ತಾನೆ, ಅವರು ಪ್ರತಿಸಲ ಜಗಳ ತೆಗೆಯುತ್ತಾರೆ, ಕೊನೆಗೆ ಚಾಚಾ ನಡುವೆ ಬಾಯಿ ಹಾಕಿ ಅರ್ಧ ಬಿಡಿಸುತ್ತಾರೆ.