ಚುಕ್ಕೆಯೋ ಗೀರೋ

ಹಗಲು ಹೊತ್ತಿನಲ್ಲಿ ಗೂಬೆ ನೋಡುವ ಆಸೆಯಿದ್ದರೆ ಕಣ್ಣಿಗಿಂತ ಮೊದಲು ಕಿವಿಯನ್ನು ಕಾಡಿಗೆ ಕಳಿಸಬೇಕು. ನಾಗರಹೊಳೆಯ ಅಂಚಿನಲ್ಲೋ ದಾಂಡೇಲಿಯ ತೇಗದ ಮರಗಳ ನಡುವೆಯೋ ಪಿಕಳಾರ, ಸೂರಕ್ಕಿ, ಕಾಜಾಣಗಳೆಲ್ಲ ಸೇರಿ ಒಂದೇ ಕೊಂಬೆಯನ್ನು ಬೈಯುತ್ತಿದ್ದರೆ ಅಲ್ಲಿ ಹಾವಿರಬೇಕು, ಇಲ್ಲವೇ ಗೇಣುದ್ದದ ಒಂದು ಗೂಬೆ. ಮಿಡತೆ, ಹಲ್ಲಿಗಳ ಜೊತೆಗೆ ಅದು ಪುಟ್ಟ ಹಕ್ಕಿಗಳನ್ನೂ ತಿನ್ನುವುದರಿಂದ ಆ ಬೈಗುಳ ನ್ಯಾಯವೇ. ಆದರೂ ಅಷ್ಟು ಗದ್ದಲದ ನಡುವೆ ಹಳದಿ ಕಣ್ಣು ತೆರೆದು ಅಲುಗದೆ ಕೂತಿರುವ ಅದರ ಗಾಂಭೀರ್ಯಕ್ಕೆ ನಾನು ಸೋತಿದ್ದೇನೆ.

ಊರ ಹಾಲಕ್ಕಿಯ ನೆಂಟ ಇದು. ಹಾಲಕ್ಕಿ ನಮಗೆ ಬಳಕೆಯ ಹಕ್ಕಿ. ನಸುಕಿನಲ್ಲಿ ಬುಡಬುಡಿಕೆಯವರು ಅದರ ಶಕುನವನ್ನು ಮನೆಬಾಗಿಲಿಗೇ ತರುತ್ತಾರೆ. ಅದರ ತಲೆಯ ತುಂಬ ಬಿಳಿ ಚುಕ್ಕೆ, ಮೇಲೆ ಬೆಳ್ಳನೆ ಹುಬ್ಬು. ಕಾಡಿನ ಈ ಹಗಲುಗೂಬೆಗೆ ಗೀರು. ನೆತ್ತಿ, ಬೆನ್ನು, ಎದೆ ಎಲ್ಲೆಲ್ಲೂ ಒತ್ತೊತ್ತಾಗಿ ಅಡ್ಡಗೀರು, ಈಗಷ್ಟೇ ಮಗ್ಗದಿಂದಿಳಿದ ಜಮಖಾನದಂತೆ. ದೂರಕ್ಕೆ ಎರಡೂ ಒಂದೇ ಮಣ್ಣುಬಣ್ಣ. ಬೈನಾಕ್ಯುಲರ್ ಹಿಡಿದರೂ ಎಲೆನೆರಳು ಚುಕ್ಕೆಯನ್ನು ಗೀರಾಗಿಸುತ್ತದೆ, ಗೀರನ್ನು ಚುಕ್ಕೆಯಾಗಿಸುತ್ತದೆ. ಅವಸರವೇನೂ ಇಲ್ಲ, ಕೂತುಕೊಳ್ಳಿ. ಮೋಡ ಕವಿದ ದಿನವಾದರೆ ಅದೇ ಮಾತಾಡೀತು. ಮೊದಲು ಬಿಡಿಬಿಡಿಯಾಗಿ, ಆಮೇಲೆ ಒಂದರ ಬೆನ್ನಿಗೊಂದು ಓಡಿಬರುವ ಕೂಗು. ಹಾಲಕ್ಕಿಯ ಕಿರಿಚಾಟದಲ್ಲಿ ಈ ಏರುನಡೆ ಇಲ್ಲ.

ಇಷ್ಟು ಸಣ್ಣ ಗುರುತುಗಳಿಗೆ ಇಷ್ಟೊಂದು ಹೊತ್ತೇಕೆ ಎಂದರೆ, ಇಂಥ ನೋಟವೇ ಒಮ್ಮೆ ಬೇರೊಂದು ಗೂಬೆಯನ್ನು ಮರಳಿ ಕೊಟ್ಟಿದೆ. ಮಧ್ಯಭಾರತದ ತೇಗದ ಕಾಡುಗಳ ಆ ಗೂಬೆಗೆ 1873ರಲ್ಲಿ ಹೆಸರಿಟ್ಟವರು ಅಲನ್ ಆಕ್ಟೇವಿಯನ್ ಹ್ಯೂಮ್, ಮುಂದೆ ಕಾಂಗ್ರೆಸ್ ಸ್ಥಾಪನೆಗೆ ದುಡಿದ ಅದೇ ಹ್ಯೂಮ್. 1884ರ ಬಳಿಕ ಅದು ಸಿಗಲೇ ಇಲ್ಲ. 1997ರ ನವೆಂಬರಿನ ಒಂದು ಬೆಳಿಗ್ಗೆ, ಸಾತಪುಡಾ ತಪ್ಪಲಿನ ಶಹಾದಾ ಬಳಿ, ಪಕ್ಷಿವಿಜ್ಞಾನಿ ಪಮೇಲಾ ರಾಸ್ಮುಸ್ಸೆನ್ ಮತ್ತು ಸಂಗಡಿಗರ ಎದುರಿಗೆ ಬೋಳುಮರವೊಂದರಲ್ಲಿ ಅದು ಬಿಸಿಲಿಗೆ ಮೈಯೊಡ್ಡಿ ಕೂತಿತ್ತು. ಸಂಗ್ರಹಾಲಯಗಳ ಹಳೆಯ ಮಾದರಿಗಳನ್ನು ಗರಿಗರಿಯಾಗಿ ಓದಿಕೊಂಡಿದ್ದ ಕಣ್ಣು ಅವರದು. ನೆತ್ತಿಯ ಚುಕ್ಕೆ ಇಲ್ಲವೆನ್ನುವಷ್ಟು ಮಂಕು, ಎದೆಗೆ ಕಂದುಪಟ್ಟಿ, ಹೊಟ್ಟೆಯ ನಡು ಅಚ್ಚ ಬಿಳಿ, ಕಾಲುಗಳಿಗೆ ದಟ್ಟ ಬಿಳಿಗರಿ. 113 ವರ್ಷ ಕಳೆದುಹೋಗಿದ್ದ ಹಕ್ಕಿ ಹಗಲಿನಲ್ಲೇ, ಎಲ್ಲರ ಕಣ್ಣೆದುರೇ ಬದುಕುವಂಥದು! 2014ರಲ್ಲಿ ಮುಂಬಯಿಗೆ ಹತ್ತಿರದ ತಾನ್ಸಾ ಅಭಯಾರಣ್ಯದಲ್ಲೂ ಸಿಕ್ಕಿತು. ಅದರ ನೆಲೆ ನಮಗೆ ದೂರವೆಂದು ಗೊತ್ತು. ಆದರೂ ತೇಗದ ಕಾಡಿನಲ್ಲಿ ಸಣ್ಣ ಗೂಬೆ ಕಂಡಾಗಲೆಲ್ಲ ನಾನು ಮೊದಲು ನೆತ್ತಿ ನೋಡುತ್ತೇನೆ, ಆಮೇಲೆ ಹೊಟ್ಟೆ.