ಬಾಯಾರಿಕೆ ಮರೆತ ಕುದುರೆ

ಮೈಮುರಿದು ದುಡಿದವನನ್ನು ಕಂಡು ‘ರಕ್ತವನ್ನೇ ಬೆವರಾಗಿ ಹರಿಸಿದ’ ಎನ್ನುವುದು ವಾಡಿಕೆ. ಬರೀ ಅಲಂಕಾರವೆಂದು ತೋರುವ ಈ ಮಾತು ಕುದುರೆಯ ಮಟ್ಟಿಗೆ ಹೆಚ್ಚುಕಡಿಮೆ ಅಕ್ಷರಶಃ ನಿಜ. ದಿನವಿಡೀ ಓಡುವ ಕುದುರೆಯ ಮೈಯಿಂದ ಸುರಿಯುವ ಬೆವರು ಅದರ ರಕ್ತದ ನೀರಿನ ಅಂಶದಿಂದಲೇ ಬಸಿದು ಬಂದದ್ದು. ಆ ಬೆವರಿನೊಡನೆ ಏನೇನು ಕಳೆದುಹೋಗುತ್ತದೆ, ಕಳೆದುಹೋದದ್ದು ಕುದುರೆಗೇ ಏಕೆ ತಿಳಿಯುವುದಿಲ್ಲ ಎಂಬುದು ವಿಜ್ಞಾನದ ವಿದ್ಯಾರ್ಥಿಗಳಿಗೆ ಒಳ್ಳೆಯ ಪಾಠ. ಮಕ್ಕಳನ್ನು ಪರೀಕ್ಷೆಗೋ ಪಂದ್ಯಕ್ಕೋ ಸಜ್ಜುಗೊಳಿಸುವ ತಂದೆತಾಯಂದಿರಿಗೂ ಅದರಲ್ಲಿ ಒಂದು ಕಿವಿಮಾತಿದೆ.

ಕುದುರೆಯ ಓಟ ಎಂದೊಡನೆ ನೆನಪಾಗುವುದು ರೇಸ್ ಕೋರ್ಸ್. ಅಲ್ಲಿ ಎಲ್ಲವೂ ಒಂದೆರಡು ನಿಮಿಷಗಳ ಆಟ. ಆದರೆ ಗಂಟೆಗಟ್ಟಲೆ ಓಡುವ ಕುದುರೆಗಳ ಪಂದ್ಯಗಳೂ ಇವೆ. ಅವುಗಳಲ್ಲಿ ಹೆಸರಾಂತದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ‘ಟೆವಿಸ್ ಕಪ್’. 1955ರಲ್ಲಿ ವೆಂಡೆಲ್ ರಾಬಿ ಎಂಬ ಸವಾರ ತನ್ನ ಸಂಗಡಿಗರೊಡನೆ ಸಿಯೆರಾ ನೆವಾಡಾ ಬೆಟ್ಟಸಾಲನ್ನು ದಾಟಿ ಆಬರ್ನ್ ಪಟ್ಟಣವನ್ನು ಸೇರಿದ್ದೇ ಇದರ ಆರಂಭ. ದೂರ 100 ಮೈಲಿ, ಅಂದರೆ ಸುಮಾರು 160 ಕಿಲೋಮೀಟರ್. ಅವಧಿ 24 ಗಂಟೆ. ಕಡಿದಾದ ಏರು, ಕಾದ ಬಾಣಲೆಯಂಥ ಕಣಿವೆಗಳು, ಕೊನೆಯಲ್ಲಿ ಕತ್ತಲೆಯ ಹಾದಿ. ಇಲ್ಲಿ ಮೇಲುಗೈ ಅರಬ್ಬಿ ತಳಿಯದು. ಹಾಗಿದ್ದೂ ಹೊರಟ ಕುದುರೆಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಕೊನೆ ಮುಟ್ಟುತ್ತವೆ.

ಇಂಥ ಓಟಕ್ಕೆ ಪ್ರಕೃತಿ ಕುದುರೆಗೆ ಒಂದು ಗುಪ್ತನಿಧಿಯನ್ನೇ ಕೊಟ್ಟಿದೆ. ಹೊಟ್ಟೆಯ ಎಡಭಾಗದಲ್ಲಿರುವ ಗುಲ್ಮ, ಎಂದರೆ ಸ್ಪ್ಲೀನ್, ಕೆಂಪು ರಕ್ತಕಣಗಳನ್ನು ಕೂಡಿಟ್ಟುಕೊಳ್ಳುವ ಉಗ್ರಾಣ. ಕುದುರೆ ಬೆದರಿದಾಗ ಅಥವಾ ಓಟಕ್ಕೆ ಮೊದಲಿಟ್ಟಾಗ ಗುಲ್ಮ ಹಿಂಡಿದಂತೆ ಕುಗ್ಗಿ, ಕೂಡಿಟ್ಟ ಕಣಗಳನ್ನು ರಕ್ತನಾಳಗಳಿಗೆ ನೂಕುತ್ತದೆ. ವಿಶ್ರಾಂತಿಯಲ್ಲಿದ್ದಾಗ ಕುದುರೆಯ ರಕ್ತದಲ್ಲಿ ಕೆಂಪು ಕಣಗಳ ಪಾಲು ಶೇಕಡಾ 35-40ರಷ್ಟು. ಶಕ್ತಿಮೀರಿ ಓಡುವಾಗ ಅದು ಶೇಕಡಾ 60ನ್ನೂ ದಾಟಬಲ್ಲದು. ಆಮ್ಲಜನಕ ಹೊರುವ ಕೂಲಿಗಳು ಹೆಚ್ಚಾದಂತೆ ಸ್ನಾಯುಗಳಿಗೆ ಸಿಗುವ ಉಸಿರೂ ಹೆಚ್ಚು. ನಿಂತಾಗ ನಿಮಿಷಕ್ಕೆ 30-40 ಸಲ ಬಡಿಯುವ ಹೃದಯ, ದೀರ್ಘ ಓಟದಲ್ಲಿ 120ರಿಂದ 150 ಸಲ ಬಡಿಯುತ್ತ ಈ ರಕ್ತವನ್ನು ಮೈಯೆಲ್ಲ ಸುತ್ತಿಸುತ್ತದೆ.

ಕೂಡಿಟ್ಟದ್ದು ಕೈಗೆ ಬಂದಿತೆಂದು ಖರ್ಚು ನಿಲ್ಲುತ್ತದೆಯೇ? ದುಡಿಯುವ ಸ್ನಾಯು ಶಾಖವನ್ನು ಹುಟ್ಟಿಸುತ್ತದೆ. ಅದನ್ನು ಹೊರಹಾಕಲು ಕುದುರೆಗಿರುವ ಮುಖ್ಯ ದಾರಿ ಬೆವರು. ಬಿಸಿಲಿನಲ್ಲಿ ಅದು ಗಂಟೆಗೆ 10 ಲೀಟರನ್ನೂ ಮೀರಿ ಬೆವರಬಲ್ಲದು. ಸುಮಾರು 450 ಕಿಲೋ ತೂಗುವ ಕುದುರೆಯ ಮೈಯಲ್ಲಿರುವ ರಕ್ತ 35-40 ಲೀಟರ್. ಕಳೆದದ್ದನ್ನು ತುಂಬಲು ದೇಹ ಜೀವಕೋಶಗಳ ಸುತ್ತಣ ನೀರನ್ನೂ, ಕರುಳಿನಲ್ಲಿರುವ ನೀರನ್ನೂ ರಕ್ತಕ್ಕೆ ಸೆಳೆದುಕೊಳ್ಳುತ್ತದೆ. ಆದರೂ ಗಂಟೆಗಳು ಉರುಳಿದಂತೆ ರಕ್ತದ ನೀರಿನ ಭಾಗವಾದ ಪ್ಲಾಸ್ಮಾ ಇಳಿದು, ರಕ್ತ ಮಂದವಾಗುತ್ತದೆ. ಮಂದವಾದ ರಕ್ತವನ್ನು ತಳ್ಳಲು ಹೃದಯ ಹೆಚ್ಚು ಹೆಣಗಬೇಕು. ಚರ್ಮಕ್ಕೆ ಹರಿಯುವ ರಕ್ತ ತಗ್ಗಿದರೆ ಮೈ ತಣಿಯುವುದೂ ತಗ್ಗುತ್ತದೆ.

ಇಲ್ಲಿಯೇ ಕುದುರೆಗೂ ಮನುಷ್ಯನಿಗೂ ಇರುವ ದೊಡ್ಡ ವ್ಯತ್ಯಾಸ ಎದುರಾಗುತ್ತದೆ. ಮನುಷ್ಯನ ಬೆವರು ಅವನ ರಕ್ತಕ್ಕಿಂತ ಸಪ್ಪೆ. ನೀರು ಹೆಚ್ಚಾಗಿ, ಉಪ್ಪು ಕಡಿಮೆಯಾಗಿ ಹೊರಹೋಗುವುದರಿಂದ ಉಳಿದ ರಕ್ತ ಉಪ್ಪುಪ್ಪಾಗುತ್ತದೆ. ಮಿದುಳು ಅದನ್ನು ಗುರುತಿಸಿ ‘ನೀರು ಬೇಕು’ ಎಂದು ಕೂಗುತ್ತದೆ. ಅದೇ ಬಾಯಾರಿಕೆ. ಕುದುರೆಯ ಬೆವರು ಹಾಗಲ್ಲ. ಅದು ಅದರ ರಕ್ತದಷ್ಟೇ, ಕೆಲವೊಮ್ಮೆ ರಕ್ತಕ್ಕಿಂತಲೂ ತುಸು ಹೆಚ್ಚು, ಉಪ್ಪು. ನೀರೂ ಉಪ್ಪೂ ಜೊತೆಜೊತೆಯಾಗಿ ಸೋರಿಹೋಗುವುದರಿಂದ ರಕ್ತ ಪ್ರಮಾಣದಲ್ಲಿ ಕುಗ್ಗಿದರೂ ಉಪ್ಪಿನ ಹದ ಹೆಚ್ಚು ಬದಲಾಗುವುದಿಲ್ಲ. ಮಿದುಳಿಗೆ ಮುಟ್ಟಬೇಕಾದ ಸುದ್ದಿ ಸರಿಯಾಗಿ ಮುಟ್ಟುವುದೇ ಇಲ್ಲ. ಆದ್ದರಿಂದಲೇ ಇಪ್ಪತ್ತು ಲೀಟರ್ ನೀರು ಕಳೆದುಕೊಂಡ ಕುದುರೆಯೂ ತೊಟ್ಟಿಯ ಮುಂದೆ ನಿಂತು, ನೀರನ್ನು ಮೂಸಿ ನೋಡಿ, ತಲೆ ತಿರುಗಿಸಿಬಿಡುವುದುಂಟು. ‘ಬೇಡವಾದರೆ ಕುಡಿಯುವುದಿಲ್ಲ’ ಎಂದು ಸವಾರ ಸುಮ್ಮನಾದರೆ ಅಪಾಯ ಅಲ್ಲಿಂದಲೇ ಶುರು.

ಬೆವರಿನಲ್ಲಿ ಹೋಗುವುದು ಸೋಡಿಯಂ ಒಂದೇ ಅಲ್ಲ, ಪೊಟ್ಯಾಸಿಯಂ ಮತ್ತು ಕ್ಲೋರೈಡ್ ಕೂಡ. ರೇಸ್ ಕುದುರೆಯ ರಕ್ತ ಓಟದ ಕೊನೆಗೆ ಲ್ಯಾಕ್ಟಿಕ್ ಆಮ್ಲದಿಂದ ಆಮ್ಲೀಯವಾದರೆ, ದೂರದ ಓಟಗಾರನ ರಕ್ತ ಕ್ಲೋರೈಡ್ ಕಳೆದುಕೊಂಡು ಕ್ಷಾರದತ್ತ ವಾಲುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಮಟ್ಟವೂ ಕುಸಿದರೆ ನರಗಳು ಅತಿಸೂಕ್ಷ್ಮವಾಗಿ, ಎದೆ-ಹೊಟ್ಟೆಗಳ ನಡುವಿನ ವಪೆ ಪ್ರತಿ ಹೃದಯಬಡಿತಕ್ಕೂ ಅದುರತೊಡಗುತ್ತದೆ. ಕುದುರೆಯ ಪಕ್ಕೆ ಬಿಕ್ಕಳಿಕೆ ಹಿಡಿದಂತೆ ಕುಣಿಯುವುದನ್ನು ಕಂಡರೆ ಪಶುವೈದ್ಯರು ಓಟವನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ದಣಿದ ಸ್ನಾಯುಗಳಿಂದ ಸೋರಿದ ಕಿಣ್ವಗಳೂ ರಕ್ತದಲ್ಲಿ ಏರುತ್ತವೆ. ಸ್ನಾಯು ತೀವ್ರವಾಗಿ ಹಾನಿಗೊಂಡಾಗಲಂತೂ ಮೂತ್ರ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಬಿಳಿ ರಕ್ತಕಣಗಳಲ್ಲಿ ಒಂದು ಬಗೆಯವು ಏರಿ, ಇನ್ನೊಂದು ಬಗೆಯವು ಇಳಿಯುತ್ತವೆ. ದೇಹ ಒತ್ತಡದಲ್ಲಿದೆ ಎಂಬುದಕ್ಕೆ ಅದೊಂದು ಗುರುತು.

ಮೂಕ ಪ್ರಾಣಿ ಹೇಳಲಾರದ್ದನ್ನು ಓದುವವರು ಯಾರು? ಈ ಪಂದ್ಯಗಳಲ್ಲಿ ದಾರಿಯುದ್ದಕ್ಕೂ ಪಶುವೈದ್ಯರ ತಪಾಸಣಾ ಠಾಣೆಗಳಿರುತ್ತವೆ. ಅಲ್ಲಿ ಕುದುರೆಯ ನಾಡಿ ಗೊತ್ತುಪಡಿಸಿದ ನಿಮಿಷಗಳೊಳಗೆ ಇಳಿಯಲೇಬೇಕು. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಈ ಮಿತಿ ಸಾಮಾನ್ಯವಾಗಿ ನಿಮಿಷಕ್ಕೆ 64. ವೈದ್ಯರು ಚರ್ಮವನ್ನು ಚಿವುಟಿ ಎತ್ತಿ ಎಷ್ಟು ಬೇಗ ಸಮನಾಗುತ್ತದೆಂದು ನೋಡುತ್ತಾರೆ. ವಸಡನ್ನು ಒತ್ತಿ ರಕ್ತ ಮರಳುವ ವೇಗ ಗಮನಿಸುತ್ತಾರೆ. ಹೊಟ್ಟೆಗೆ ಕಿವಿಗೊಟ್ಟು ಕರುಳಿನ ಸದ್ದು ಕೇಳುತ್ತಾರೆ. ರಕ್ತ ಪರೀಕ್ಷಿಸಬೇಕಾದಾಗ ಬರೀ ಕೆಂಪು ಕಣಗಳ ಪಾಲನ್ನು ನಂಬುವುದಿಲ್ಲ. ಸೂಜಿಗೆ ಹೆದರಿ ಗುಲ್ಮ ಕುಗ್ಗಿದರೂ ಆ ಅಂಕಿ ಏರಿಬಿಡುತ್ತದೆ. ಆದ್ದರಿಂದ ಜೊತೆಗೆ ಪ್ರೋಟೀನ್ ಅಂಶವನ್ನೂ ಅಳೆಯುತ್ತಾರೆ. ಗುಲ್ಮದ ಕಣಗಳು ಪ್ಲಾಸ್ಮಾದ ಪ್ರೋಟೀನನ್ನು ಹೆಚ್ಚಿಸುವುದಿಲ್ಲ. ಎರಡೂ ಏರಿದ್ದರೆ ನೀರು ನಿಜವಾಗಿಯೂ ಕಳೆದಿದೆ ಎಂದು ಅರ್ಥ. ಒಂದೇ ಅಂಕಿಯನ್ನು ನೋಡಿ ತೀರ್ಪು ಕೊಡಬಾರದೆಂಬ ಪಾಠ ಅಂಕಪಟ್ಟಿಗಳಿಗೂ ಸಲ್ಲುವಂಥದ್ದು!

ಪರಿಹಾರವೂ ಸ್ವಾರಸ್ಯಕರವಾಗಿದೆ. ದಣಿದ ಕುದುರೆಗೆ ಮೊದಲು ರಕ್ತದಷ್ಟೇ ಹದವಾದ ಉಪ್ಪುನೀರು ಕುಡಿಸಿ, ಆಮೇಲೆ ಸಿಹಿನೀರು ಇಟ್ಟರೆ ಅದು ಒಟ್ಟಾರೆ ಹೆಚ್ಚು ಕುಡಿಯುತ್ತದೆಂದು ಪ್ರಯೋಗಗಳು ತೋರಿಸಿವೆ. ಮೊದಲ ಗುಟುಕಿನ ಸಿಹಿನೀರು ರಕ್ತವನ್ನು ತೆಳುವಾಗಿಸಿ, ಇದ್ದ ಅಲ್ಪಸ್ವಲ್ಪ ಬಾಯಾರಿಕೆಯನ್ನೂ ಆರಿಸಿಬಿಡುತ್ತದೆ. ಉಪ್ಪು ಅದನ್ನು ಎಚ್ಚರವಾಗಿಡುತ್ತದೆ. ಒಣಹುಲ್ಲು ತಿಂದ ಕುದುರೆಯ ದೊಡ್ಡ ಕರುಳಿನಲ್ಲಿ ನಾರು ನೀರನ್ನು ಹಿಡಿದಿಟ್ಟು, ಓಟದ ನಡುವೆ ಕೆರೆಯಂತೆ ಒದಗುತ್ತದೆ. ಕ್ರಮವಾದ ತರಬೇತಿಯಿಂದ ಪ್ಲಾಸ್ಮಾದ ಪ್ರಮಾಣವೇ ಹೆಚ್ಚುತ್ತದೆ. ಇವೆಲ್ಲ ಪಂದ್ಯದ ಹಿಂದಿನ ರಾತ್ರಿ ಗಡಿಬಿಡಿಯಲ್ಲಿ ಆಗುವ ಕೆಲಸಗಳಲ್ಲ.

ಒಳ್ಳೆಯ ಕುದುರೆಯ ಗುಣವೇ ಅದರ ಶತ್ರುವೂ ಹೌದು. ಅದು ಕಿವಿ ನಿಮಿರಿಸಿ, ಮುಂದಿನ ಕುದುರೆಯನ್ನು ಹಿಡಿಯುವ ಹುಮ್ಮಸ್ಸಿನಲ್ಲಿ, ತನಗೇನೂ ಆಗಿಲ್ಲವೆಂಬಂತೆ ಓಡುತ್ತಲೇ ಇರುತ್ತದೆ. ರಾತ್ರಿಯೆಲ್ಲ ಎಚ್ಚರವಿದ್ದು ಓದಿ, ಊಟ ಬಿಟ್ಟು, ‘ನನಗೇನೂ ದಣಿವಿಲ್ಲ’ ಎನ್ನುವ ಜಾಣ ಮಕ್ಕಳು ಎಷ್ಟು ಮನೆಗಳಲ್ಲಿಲ್ಲ? ಮಗು ತಾನಾಗಿ ಹೇಳಲಿ ಎಂದು ಕಾಯುವುದು, ಕುದುರೆಗೆ ಬಾಯಾರಲಿ ಎಂದು ಕಾದಂತೆಯೇ. ನಿದ್ದೆ, ಊಟ, ಮುಖದ ಕಳೆ, ಇವನ್ನು ಗಮನಿಸುವ ಕಣ್ಣು ಹಿರಿಯರದಾಗಬೇಕು.

ಅಮೆರಿಕದ ದೀರ್ಘ ಓಟಗಳ ಸಂಘದ ಧ್ಯೇಯವಾಕ್ಯದ ಸಾರ, ಕೊನೆ ಮುಟ್ಟುವುದೇ ಗೆಲುವು ಎಂದು. ಆದರೆ ಆ ಮುಟ್ಟುವುದಕ್ಕೂ ಒಂದು ಷರತ್ತಿದೆ. ಗುರಿ ದಾಟಿದ ಮೇಲೂ ಪಶುವೈದ್ಯರು ಕುದುರೆಯನ್ನು ಪರೀಕ್ಷಿಸುತ್ತಾರೆ. ಅದು ಇನ್ನೂ ಮುಂದೆ ಸಾಗಲು ಶಕ್ತವಾಗಿದೆ ಎಂದು ಅವರಿಗೆ ಮನವರಿಕೆಯಾಗದಿದ್ದರೆ, ಎಲ್ಲರಿಗಿಂತ ಮೊದಲು ಬಂದಿದ್ದರೂ ಅದು ಓಟ ಮುಗಿಸಿದಂತೆ ಲೆಕ್ಕವಿಲ್ಲ. ಟೆವಿಸ್‌ನಲ್ಲಿ 1964ರಿಂದ ‘ಹ್ಯಾಗಿನ್ ಕಪ್’ ಎಂಬ ಇನ್ನೊಂದು ಬಹುಮಾನವೂ ಇದೆ. ಅದು ಮೊದಲ ಹತ್ತರಲ್ಲಿ ಬಂದ ಕುದುರೆಗಳ ಪೈಕಿ ದೇಹಸ್ಥಿತಿ ಎಲ್ಲಕ್ಕಿಂತ ಉತ್ತಮವಾಗಿರುವುದಕ್ಕೆ ಸಲ್ಲುತ್ತದೆ. ಎಷ್ಟು ಬೇಗ ತಲುಪಿತು ಎಂಬುದರ ಜೊತೆಗೆ, ತಲುಪಿದಾಗ ಹೇಗಿತ್ತು ಎಂದೂ ಅಲ್ಲಿ ಕೇಳುತ್ತಾರೆ. ಆ ಎರಡನೆಯ ಪ್ರಶ್ನೆಗೆ ಉತ್ತರ ಇರುವುದು ಗಡಿಯಾರದಲ್ಲಲ್ಲ, ಕುದುರೆಯ ರಕ್ತದಲ್ಲಿ.