ಅಂತರಗಂಗೆಯ ಮೆಟ್ಟಿಲುಗಳಲ್ಲಿ

ಪ್ರವಾಸವೆಂದರೆ ದೂರದ ಊರುಗಳಿಗೇ ಹೋಗಬೇಕೆಂಬ ಭಾವನೆ ನಮ್ಮ ಜನರಲ್ಲಿ ಬೇರೂರಿದೆ. ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್ ದೂರದಲ್ಲಿರುವ ಕೋಲಾರವನ್ನು ಕಣ್ತುಂಬ ನೋಡಿದವರೆಷ್ಟು ಮಂದಿ? ಕಳೆದ ಕಾರ್ತಿಕದಲ್ಲಿ ತಂಗಿಯ ಮೊಮ್ಮಗನೊಡನೆ ನಾವು ಅಲ್ಲಿಗೆ ಹೋಗಿದ್ದೆವು. ನಮ್ಮ ಉದ್ದೇಶ ದೇವದರ್ಶನ. ಕಾಲೇಜು ವಿದ್ಯಾರ್ಥಿಯಾದ ಅವನ ಉದ್ದೇಶ ಬಂಡೆ ಹತ್ತುವುದು.

ಗಂಗರ ಕುವಲಾಲಪುರವೇ ಇಂದಿನ ಕೋಲಾರ. ಮೊದಲು ಕೋಲಾರಮ್ಮನ ಗುಡಿಯನ್ನು ದರ್ಶಿಸಿದೆವು. ಅಲ್ಲಿ ಚೋಳರ ಕಾಲದ ತಮಿಳು ಶಾಸನಗಳಿವೆ. ಒಳಗೆ ಚೇಳಮ್ಮನೂ ನೆಲೆಸಿದ್ದಾಳೆ; ಆಕೆಯನ್ನು ಪೂಜಿಸಿದವರಿಗೆ ಚೇಳಿನ ಭಯವಿಲ್ಲವೆಂಬುದು ಜನರ ನಂಬಿಕೆ. ಸಮೀಪದ ಸೋಮೇಶ್ವರ ದೇವಾಲಯವು ವಿಜಯನಗರ ಶೈಲಿಯದು. ಅಲ್ಲಿನ ಕಲ್ಯಾಣಮಂಟಪದ ಕಂಬಗಳನ್ನು ಎಷ್ಟು ಹೊತ್ತು ನೋಡಿದರೂ ಕಣ್ಣು ದಣಿಯದು.

ಸಂಜೆಯ ಮುನ್ನ ಶತಶೃಂಗ ಪರ್ವತದ ಅಂತರಗಂಗೆಗೆ ಹೊರಟೆವು. ಕಾಶಿ ವಿಶ್ವೇಶ್ವರನ ಸನ್ನಿಧಿಯಲ್ಲಿ ಕಲ್ಲಿನ ಬಸವನ ಬಾಯಿಂದ ನೀರು ಸದಾ ಹರಿಯುತ್ತದೆ. ಅದರ ಮೇಲ್ಗಡೆ ಒಂದರ ಮೇಲೊಂದು ಒರಗಿದ ಹೆಬ್ಬಂಡೆಗಳು, ಅವುಗಳ ನಡುವೆ ಗವಿಗಳು. ಹಗ್ಗ, ಟಾರ್ಚು ಹಿಡಿದ ಯುವಕರು ಗುಂಪುಗುಂಪಾಗಿ ಹತ್ತುತ್ತಿದ್ದರು. ಪುಣ್ಯಕ್ಷೇತ್ರವು ಆಟದ ಬಯಲಾಯಿತೇ ಎಂದು ನಾವು ಮನದಲ್ಲೇ ಖಿನ್ನರಾದೆವು.

ಆದರೆ ಅರ್ಧ ಮೆಟ್ಟಿಲೇರುವಷ್ಟರಲ್ಲಿ ನಮಗೇ ಉಸಿರು ಕಟ್ಟಿತು. ಹುಡುಗನು ಕೈಹಿಡಿದು, "ತಾತ, ಮೇಲೆ ನೋಡಬೇಡಿ. ಮುಂದಿನ ಒಂದು ಮೆಟ್ಟಿಲನ್ನಷ್ಟೇ ನೋಡಿ. ಬಂಡೆ ಹತ್ತುವಾಗ ನಮಗೆ ಹೇಳಿಕೊಡೋದು ಇದನ್ನೇ" ಎಂದನು. ನಾವು ಬೆರಗಾದೆವು. ಕರಸ್ಥಲದ ಲಿಂಗದಲ್ಲಿ ದೃಷ್ಟಿ ನಿಲ್ಲಿಸಿ, ಬೇರೇನನ್ನೂ ನೆನೆಯಬೇಡವೆಂದು ಮಠದಲ್ಲಿ ಗುರುಗಳು ಕಲಿಸಿದ್ದೂ ಇದೇ ಏಕಾಗ್ರತೆಯನ್ನಲ್ಲವೇ? ದೇಹವನ್ನು ದೇವಾಲಯವೆಂದು ಕಂಡ ಶರಣರ ಮಕ್ಕಳಾದ ನಾವು, ದೇಹವನ್ನು ಹದಗೊಳಿಸುವ ಕ್ರೀಡೆಯನ್ನು ಕೀಳೆಂದು ಭಾವಿಸಿದ್ದು ತಪ್ಪೆಂದು ಅರಿವಾಯಿತು.

ನಿಜವಾದ ಅಪಚಾರ ಬೇರೆಡೆ ಇತ್ತು. ಮೆಟ್ಟಿಲ ಬದಿಯಲ್ಲಿ ಪ್ಲಾಸ್ಟಿಕ್ ಬಾಟಲಿಗಳ ಜೊತೆಗೆ ಹೂವು, ಕರ್ಪೂರಗಳ ಖಾಲಿ ಚೀಲಗಳೂ ಬಿದ್ದಿದ್ದವು. ಆಟಕ್ಕೆ ಬಂದವರದೂ ಪೂಜೆಗೆ ಬಂದವರದೂ ತಪ್ಪು ಒಂದೇ. ವರ್ಷವಿಡೀ ತುಂಬಿ ಹರಿಯುವ ನದಿಯಿಲ್ಲದ ಜಿಲ್ಲೆಯಿದು. ಕೆರೆಗಳನ್ನೇ ನಂಬಿದ ಈ ಸೀಮೆಗೆ 2018ರಿಂದ ಬೆಂಗಳೂರಿನ ಸಂಸ್ಕರಿತ ನೀರನ್ನು ಹರಿಸಿ ಕೆರೆ ತುಂಬಿಸಬೇಕಾಗಿ ಬಂತು. ಇಂಥ ನಾಡಿನಲ್ಲಿ ಬಸವನ ಬಾಯಿಂದ ಬೀಳುವ ಒಂದು ಎಳೆ ನೀರಿಗೆ ಬೆಲೆ ಕಟ್ಟಲಾದೀತೇ? ಇಳಿಯುವಾಗ ಹುಡುಗನೂ ನಾವೂ ಒಂದೊಂದು ಚೀಲ ಕಸ ಹೊತ್ತು ತಂದೆವು.

ಓದುಗ ಬಾಂಧವರು ಮಕ್ಕಳೊಡನೆ ಕೋಲಾರಕ್ಕೆ ಹೋಗಿಬರಲಿ. ಬಿಡುವಿದ್ದರೆ ಮುಳಬಾಗಿಲಿನತ್ತ ಸಾಗಿ ಆವನಿಯ ರಾಮಲಿಂಗೇಶ್ವರ, ಕುರುಡುಮಲೆಯ ಏಕಶಿಲಾ ಗಣಪತಿಯನ್ನೂ ನೋಡಲಿ. ಹಿರಿಯರು ದರ್ಶನ ಮಾಡಲಿ, ಕಿರಿಯರು ಬೆಟ್ಟ ಹತ್ತಲಿ. ಮರಳುವಾಗ ಕ್ಷೇತ್ರವನ್ನು ಶುಚಿಯಾಗಿಟ್ಟು ಬರುವುದು ಇಬ್ಬರ ಕಾಯಕವೂ ಆಗಲಿ.